ಜೋರ್ಹಾಟಿನಿಂದ ಬಜ್ಪೆಗೆ ಎಷ್ಟು ಹೊತ್ತು

ಪ್ರವಾಸ ಕಚೇರಿಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಮಕ್ಕಳು ಆಗಾಗ ಸಂತೆಕಟ್ಟೆಯ ನಮ್ಮ ಮನೆಗೆ ಬರುವುದುಂಟು. ಮೊನ್ನೆ ಒಬ್ಬಳು ಕೇಳಿದಳು, "ಅಂಕಲ್, ಕಂಪ್ಯೂಟರ್ ಇಲ್ಲದೆ ನೀವು ಟಿಕೆಟ್ ಮಾಡುತ್ತಿದ್ದದ್ದು ಹೇಗೆ?" ಒಂದು ನಕ್ಷೆ, ಒಂದು ದಾರ, ಮತ್ತು ಬೀದಿಯ ಆಚೆ ಒಂದು ತಾರು ಕಚೇರಿ ಇತ್ತು ಎಂದೆ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ನಕ್ಕಳು. ಅವಳಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಐವತ್ತರ ದಶಕದ ನಡುವಿನಲ್ಲಿ ನಾನು ಉಡುಪಿಯ ವಾಮನ ಕಾಮತರ ಕಚೇರಿಗೆ ಸೇರಿದೆ. ಒಂದು ಬಟ್ಟೆ ಅಂಗಡಿಯ ಮಹಡಿಯಲ್ಲಿ ಎರಡು ಮೇಜು, ನಾಲ್ಕು ಕುರ್ಚಿ. ಕಾಮತರು ಹಡಗಿನ ಟಿಕೆಟು, ರೈಲಿನ ಟಿಕೆಟು ಮಾರುತ್ತಿದ್ದವರು. ಬಜ್ಪೆಯ ಗುಡ್ಡದ ಮೇಲೆ ವಿಮಾನ ಇಳಿಯಲು ಶುರುವಾದ ಮೇಲೆ ಅದರ ಏಜೆನ್ಸಿಯನ್ನೂ ತೆಗೆದುಕೊಂಡರು. ವಿಮಾನದ ಟಿಕೆಟು ಕೇಳಿಕೊಂಡು ಬರುವವರು ವಾರಕ್ಕೆ ಇಬ್ಬರೋ ಮೂವರೋ. ಸುಮ್ಮನೆ ನಕ್ಷೆ ನೋಡಲು ಬರುವವರೇ ಹೆಚ್ಚು.

ಆ ನಕ್ಷೆ ಗೋಡೆಯ ಅರ್ಧಭಾಗವನ್ನು ತುಂಬಿತ್ತು. ಅದರ ಪಕ್ಕದ ಮೊಳೆಯಲ್ಲಿ ಒಂದು ಹಸಿರು ದಾರ ನೇತಾಡುತ್ತಿತ್ತು. ಕಾಮತರೇ ನಕ್ಷೆಯ ಅಳತೆಗೆ ಸರಿಯಾಗಿ ನೂರು ಮೈಲಿಗೆ ಒಂದರಂತೆ ಅದಕ್ಕೆ ಗಂಟು ಹಾಕಿದ್ದರು. ದಾರದ ಒಂದು ತುದಿಯನ್ನು ಬಜ್ಪೆಯ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಜನ ಹೇಳಿದ ಊರಿಗೆ ಎಳೆಯುವುದು ನನ್ನ ಮೊದಲ ಕೆಲಸ. ಗಂಟು ಎಣಿಸಿದರೆ ದೂರ ಸಿಕ್ಕಿತು. ಡಕೋಟ ವಿಮಾನ ಗಂಟೆಗೆ ನೂರೈವತ್ತು ಮೈಲಿ ಹೋಗುತ್ತದೆ ಎಂದು ಭಾಗಿಸಿದರೆ ಹೊತ್ತು ಸಿಕ್ಕಿತು. ನೋಡುವವರು ಬಾಯಿ ತೆರೆದು ನಿಲ್ಲುತ್ತಿದ್ದರು. ನಿಜ ಹೇಳಬೇಕೆಂದರೆ ನಾನೂ ಹಾಗೆಯೇ ನಿಲ್ಲುತ್ತಿದ್ದೆ. ಬೊಂಬಾಯಿಗೆ ಹೋಗಲು ನನ್ನ ಅಪ್ಪ ಮಲ್ಪೆಯಿಂದ ಹಡಗು ಹತ್ತಿದರೆ ಅಮ್ಮ ಮೂರು ದಿನ ಜಪಮಾಲೆ ಕೆಳಗಿಡುತ್ತಿರಲಿಲ್ಲ. ಅದೇ ಬೊಂಬಾಯಿ ಈಗ ಆರು ಗಂಟು ಸಹ ಇರಲಿಲ್ಲ.

ಸೇರಿದ ಹೊಸತರಲ್ಲಿ ನನ್ನದೊಂದು ಎಡವಟ್ಟು ನಡೆಯಿತು. ಕಾರ್ಕಳದ ಗೇರುಬೀಜದ ವ್ಯಾಪಾರಿ ಒಬ್ಬರು ಬೊಂಬಾಯಿಗೆ ಎಷ್ಟು ಹೊತ್ತು ಎಂದು ಕೇಳಿದರು. ನಾನು ದಾರ ಎಳೆದು, ನಡುವೆ ಬೆಳಗಾವಿಯಲ್ಲಿ ನಿಲ್ಲುವುದನ್ನೂ ಸೇರಿಸಿ, ಐದು ಗಂಟೆ ಎಂದೆ. ವಿಮಾನ ಹೊರಡುವ ಹೊತ್ತನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವರು ಸಂಜೆಯ ಐದಕ್ಕೆ ಬೊಂಬಾಯಿಯಲ್ಲಿ ಒಬ್ಬರನ್ನು ಕಾಣಬೇಕೆಂದು ನಿಶ್ಚಯಿಸಿ, ಕಾರ್ಕಳದ ತಮ್ಮ ಮನೆಯಿಂದ ಹನ್ನೆರಡು ಗಂಟೆಗೆ ಹೊರಟರು. ಅವರು ಬಜ್ಪೆ ತಲುಪಿದಾಗ ವಿಮಾನ ಹೋಗಿ ಬಹಳ ಹೊತ್ತಾಗಿತ್ತು. ಮರುದಿನ ಕಚೇರಿಗೆ ಬಂದು ನನ್ನ ಎದುರು ಕುಳಿತು ಸಮಾಧಾನದಿಂದಲೇ ಕೇಳಿದರು, "ನೀವು ಹೇಳಿದ್ದು ಆಕಾಶದ ಲೆಕ್ಕ. ಭೂಮಿಯ ಲೆಕ್ಕ ಯಾರು ಹೇಳಬೇಕು, ನಾನಾ?"

ಅವರು ಹೋದ ಮೇಲೆ ಕಾಮತರು ನನ್ನನ್ನು ಬೈಯಲಿಲ್ಲ. ಅವರು ಮಾತನಾಡುವುದು ಅವರ ಕೊಂಕಣಿಯಲ್ಲಿ, ನಾನು ನಮ್ಮ ಕ್ರಿಸ್ತುವರ ಕೊಂಕಣಿಯಲ್ಲಿ. ಇಬ್ಬರಿಗೂ ಅರ್ಥವಾಗುತ್ತಿತ್ತು. "ಲಾರೆನ್ಸ, ಜನ ಕೇಳುವುದು ವಿಮಾನ ಎಷ್ಟು ಹೊತ್ತು ಹಾರುತ್ತದೆ ಎಂದಲ್ಲ. ತಾನು ಎಷ್ಟು ಹೊತ್ತಿಗೆ ಮುಟ್ಟುತ್ತೇನೆ ಎಂದು. ಅವರ ಮನೆಯ ಮೆಟ್ಟಿಲಿನಿಂದ ಲೆಕ್ಕ ಹಾಕು" ಎಂದರು. ಕೆಲಸದಲ್ಲಿ ನಾನು ಕಲಿತ ಮೊದಲ ಪಾಠ ಇದು. ನಿಮಗೂ ಇದನ್ನೇ ಹೇಳುತ್ತೇನೆ.

ಮೆಟ್ಟಿಲಿನಿಂದ ಲೆಕ್ಕ ಹಾಕುವುದು ಸುಲಭವಾಗಿರಲಿಲ್ಲ. ಉಡುಪಿಯಿಂದ ಕರಾವಳಿಯ ದಾರಿಯಲ್ಲಿ ಹೋದರೆ ನದಿಯ ಮೇಲೆ ನದಿ. ಎಲ್ಲದಕ್ಕೂ ಸೇತುವೆ ಆಗಿರಲಿಲ್ಲ. ಎರಡು ದೊಡ್ಡ ದೋಣಿಗಳನ್ನು ಜೋಡಿಸಿ, ಮೇಲೆ ಹಲಗೆ ಹಾಸಿ, ಅದರ ಮೇಲೆ ಕಾರನ್ನು ನಿಲ್ಲಿಸಿ ದಾಟಿಸುತ್ತಿದ್ದರು. ಬಸ್ಸಿನವರು ಈ ದಡದಲ್ಲಿ ಇಳಿದು ದೋಣಿಯಲ್ಲಿ ದಾಟಿ ಆ ದಡದಲ್ಲಿ ಇನ್ನೊಂದು ಬಸ್ಸು ಹಿಡಿಯಬೇಕು. ಕಾರ್ಕಳ, ಮೂಡುಬಿದಿರೆಯ ಮೇಲೆ ಸುತ್ತಿ ಹೋದರೆ ನದಿಗಳ ಕಾಟ ಕಡಿಮೆ, ದಾರಿ ದೂರ. ನಮ್ಮ ನಕ್ಷೆಯಲ್ಲಿ ಉಡುಪಿಗೂ ಬಜ್ಪೆಗೂ ನಡುವೆ ಒಂದು ಅಕ್ಕಿಕಾಳು ಇಡುವಷ್ಟು ಜಾಗವಿರಲಿಲ್ಲ. ಆ ಜಾಗ ದಾಟಲು ಅರ್ಧ ದಿನ ಬೇಕಿತ್ತು.

ಆಗಾಗ ಟಿಕೆಟಿನ ಕೆಲಸಕ್ಕೆ ನಾನು ಬಜ್ಪೆಗೆ ಹೋಗುತ್ತಿದ್ದೆ. ಅಲ್ಲಿ ಕ್ಯಾಪ್ಟನ್ ರುಸ್ತುಂ ಎಂಬ ಪಾರ್ಸಿ ಪೈಲಟ್ ಪರಿಚಯವಾದರು. ಎತ್ತರದ, ತೆಳ್ಳಗಿನ, ಕಡಿಮೆ ಮಾತಿನ ಮನುಷ್ಯ. ಡಕೋಟದಲ್ಲಿ ಸಾಮಾನಿನ ಜೊತೆಗೆ ಪ್ರಯಾಣಿಕರನ್ನೂ ತೂಗುತ್ತಿದ್ದ ಕಾಲವದು. ಕಾಪುವಿನ ಒಬ್ಬ ಹಿರಿಯ ಹೆಂಗಸು ತಕ್ಕಡಿ ಹತ್ತಲು ಒಪ್ಪಲೇ ಇಲ್ಲ. "ನಾನೆಂತ ಕೊಬ್ಬರಿಯಾ ತೂಗಲಿಕ್ಕೆ?" ಎಂದು ದಾರಿಗಡ್ಡವಾಗಿ ನಿಂತುಬಿಟ್ಟರು. ಕ್ಯಾಪ್ಟನ್ ಬಂದು, ಟೋಪಿ ತೆಗೆದು, ತಾವೇ ಮೊದಲು ತಕ್ಕಡಿಯ ಮೇಲೆ ನಿಂತರು. ಆಕೆ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಇವರಿಗೆ ಊಟ ಸಾಲುವುದಿಲ್ಲ" ಎಂದು ಹೇಳಿ, ತಾವೂ ಹತ್ತಿದರು.

ದೂರ ಬದಲಾಗದಿದ್ದರೂ ಹೊತ್ತು ಬದಲಾಗುತ್ತದೆ ಎಂದು ನನಗೆ ತಿಳಿಸಿಕೊಟ್ಟವರು ಈ ಕ್ಯಾಪ್ಟನ್. ಗಾಳಿ ಹಿಂದಿನಿಂದ ಬಂದರೆ ವಿಮಾನ ಬೇಗ ಮುಟ್ಟುತ್ತದೆ, ಎದುರಿನಿಂದ ಬಂದರೆ ತಡ. ಕಣ್ಣಿಗೆ ಕಾಣದ ಆ ಗಾಳಿಯನ್ನು ಅವರು ಪೆನ್ಸಿಲಿನಲ್ಲಿ ಒಂದು ಗೆರೆಯಾಗಿ ಎಳೆದು, ಅಂಚಿನಲ್ಲಿ ನಿಮಿಷಗಳನ್ನು ಬರೆದು ತೋರಿಸಿದರು. ಆ ದಿನ ಉಡುಪಿಗೆ ಮರಳುವ ಬಸ್ಸಿನಲ್ಲಿ ಕಿಟಕಿಯ ಹೊರಗೆ ಕೈ ಚಾಚಿ ಕುಳಿತಿದ್ದೆ. ಗಾಳಿಯನ್ನು ಅಳೆಯುವವರು ಈ ಲೋಕದಲ್ಲಿ ಇದ್ದಾರೆ ಎಂಬುದನ್ನು ನಂಬಲು ನನಗೆ ಕೆಲವು ದಿನ ಹಿಡಿಯಿತು.

ಈಗ ಅಪ್ಪಿಯಕ್ಕನ ಸಂಗತಿಗೆ ಬರುತ್ತೇನೆ.

ಅರವತ್ತರ ದಶಕದ ಆರಂಭದ ಒಂದು ಮಳೆಗಾಲ. ಬೆಳಿಗ್ಗೆ ಕಚೇರಿ ತೆರೆಯುವಾಗಲೇ ಮೆಟ್ಟಿಲಿನ ಮೇಲೆ ಒಬ್ಬಳು ಹುಡುಗಿ ಕುಳಿತಿದ್ದಳು. ಹೆಸರು ಲೀಲಾ, ಊರು ಕಾರ್ಕಳ. ತಾಯಿ ಅಪ್ಪಿಯಕ್ಕನನ್ನು ಮಣಿಪಾಲದ ಗುಡ್ಡದ ಮೇಲಿನ ಆಸ್ಪತ್ರೆಗೆ ಸೇರಿಸಿದ್ದಳು. ಸಕ್ಕರೆ ಕಾಯಿಲೆ. ಕಾಲಿಗೆ ಮೊಳೆ ಚುಚ್ಚಿದ್ದು ಕೊಳೆತು ಪಾದ ಕಪ್ಪಾಗಿತ್ತು. ಪಾದ ತೆಗೆಯದಿದ್ದರೆ ನಂಜು ಮೇಲಕ್ಕೇರುತ್ತದೆ ಎಂದು ಡಾಕ್ಟರರು ಹೇಳಿದ್ದರು. ಅಪ್ಪಿಯಕ್ಕ ಒಪ್ಪುತ್ತಿರಲಿಲ್ಲ.

"ಮಗ ಬಂದು ಹೇಳಿದರೆ ಮಾತ್ರ ಅಂತೆ. ಅಣ್ಣ ಬಾರದೆ ಕಾಲು ಮುಟ್ಟಲಿಕ್ಕೆ ಬಿಡುವುದಿಲ್ಲ ಅಂತೆ" ಎಂದಳು ಲೀಲಾ. "ನಾನು ಅತ್ತೂ ನೋಡಿದೆ, ಬೈದೂ ನೋಡಿದೆ. ಮುಖ ತಿರುಗಿಸಿ ಮಲಗ್ತಾರೆ."

"ಅಣ್ಣ ಎಲ್ಲಿದ್ದಾರೆ?"

"ಅಸ್ಸಾಮಿನಲ್ಲಿ. ಚಹಾ ತೋಟದ ಕಾರ್ಖಾನೆಯಲ್ಲಿ ಮೆಕ್ಯಾನಿಕ್. ಜೋರ್ಹಾಟ್ ಅಂತ ಊರಿನ ಹತ್ತಿರ."

ನಾನು ದಾರ ತೆಗೆದು ಬಜ್ಪೆಯ ಮೇಲೆ ಒತ್ತಿ ಹಿಡಿದೆ. ನಕ್ಷೆಯ ಈ ಮೂಲೆಯಿಂದ ಆ ಮೂಲೆಗೆ ಎಳೆಯಲು ನಾನು ಕುರ್ಚಿಯ ಮೇಲೆ ಹತ್ತಬೇಕಾಯಿತು. ಹದಿನೈದು ಗಂಟು ದಾಟಿ ಇನ್ನೂ ಸ್ವಲ್ಪ. ಅಷ್ಟು ಉದ್ದದ ದಾರವನ್ನು ನಾನು ಅದುವರೆಗೆ ಯಾರಿಗೂ ಎಳೆದಿರಲಿಲ್ಲ. ಲೀಲಾ ಮೆಲ್ಲಗೆ ಕೇಳಿದಳು, "ವಿಮಾನದಲ್ಲಿ ಎಷ್ಟು ಹೊತ್ತು?"

ನೇರವಾಗಿ ಹಾರಿದರೆ ಹತ್ತು ಗಂಟೆ ಎಂದೆ. ಅವಳ ಮುಖ ಅರಳಿತು. "ಹಾಗಾದರೆ ನಾಳೆಯೇ ಬರಬಹುದಲ್ವಾ?"

ಆ ಮುಖ ನೋಡುತ್ತ ಉಳಿದ ಲೆಕ್ಕ ಹೇಳುವುದು ಕಷ್ಟವಾಯಿತು. ಹಾಗೆ ನೇರ ಹಾರುವ ವಿಮಾನ ಯಾವುದೂ ಇರಲಿಲ್ಲ. ತೋಟದಿಂದ ಜೋರ್ಹಾಟಿಗೆ, ಅಲ್ಲಿಂದ ಕಲಕತ್ತೆಗೆ, ಕಲಕತ್ತೆಯಿಂದ ಬೊಂಬಾಯಿಗೆ, ಬೊಂಬಾಯಿಯಿಂದ ಬೆಳಗಾವಿಯ ಮೇಲೆ ಬಜ್ಪೆಗೆ. ಪ್ರತಿ ಊರಿನಲ್ಲೂ ಸೀಟು ಸಿಗಬೇಕು, ಮಳೆ ಬಿಡಬೇಕು. ಎಲ್ಲವೂ ಸರಿಯಾದರೆ ಮೂರನೆಯ ದಿನ.

"ಡಾಕ್ಟರರು ಎಷ್ಟು ದಿನ ಅಂದಿದ್ದಾರೆ?" ಎಂದು ಕಾಮತರು ತಮ್ಮ ಮೇಜಿನಿಂದಲೇ ಕೇಳಿದರು.

"ಅದೇ ಮೂರು ದಿನ. ಮತ್ತೆ ಮೊಣಕಾಲಿನವರೆಗೆ ಹೋಗ್ತದಂತೆ. ಮತ್ತೆ ಜೀವಕ್ಕೇ."

ಕಾಮತರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಲಾರೆನ್ಸ, ಬರೆದುಕೋ" ಎಂದರು. ನಾಲ್ಕು ತಾರು ಹೇಳಿದರು. ಒಂದು ತೋಟಕ್ಕೆ, ಉಳಿದ ಮೂರು ಜೋರ್ಹಾಟ್, ಕಲಕತ್ತೆ, ಬೊಂಬಾಯಿಯ ನಮ್ಮಂಥದೇ ಕಚೇರಿಗಳಿಗೆ. ಆ ಕಚೇರಿಗಳಲ್ಲಿ ಯಾರಿದ್ದಾರೆ ಎಂದು ನಮಗೆ ಗೊತ್ತಿರಲಿಲ್ಲ. ಅವರ ಮುಖ ನಾವು ನೋಡಿರಲಿಲ್ಲ, ಅವರ ಭಾಷೆ ನಮಗೆ ಬರುತ್ತಿರಲಿಲ್ಲ. ಲೀಲಾಳ ಅಣ್ಣ ವಿಠಲನ ಹೆಸರು, ಅವನ ತೋಟದ ಹೆಸರು ಕೊಟ್ಟು, 'ತಾಯಿ ಮಗನಿಗಾಗಿ ಕಾಯುತ್ತಿದ್ದಾಳೆ, ಸೀಟು ಹಿಡಿದಿಡಿ' ಎಂದಷ್ಟೇ ಬರೆದಿದ್ದೆವು.

ಮರುದಿನ ಸಂಜೆ ಮೊದಲ ಉತ್ತರ ಬಂತು. ವಿಠಲ ಜೋರ್ಹಾಟಿನಿಂದ ಹೊರಟಿದ್ದ. ಮಳೆಯಲ್ಲಿ ತಾರು ತೋಟಕ್ಕೆ ಮುಟ್ಟಲು ಎರಡು ದಿನವಾಗಬಹುದೆಂದು ತಿಳಿದು, ಅಲ್ಲಿನ ಗುಮಾಸ್ತ ತಾನೇ ಒಂದು ಲಾರಿ ಹತ್ತಿ ತೋಟಕ್ಕೆ ಹೋಗಿ ಅವನನ್ನು ಕರೆತಂದಿದ್ದನೆಂದು ಆಮೇಲೆ ವಿಠಲ ಹೇಳಿದ. ಬೊಂಬಾಯಿಯ ಉತ್ತರ ಮಾತ್ರ ಬರಲಿಲ್ಲ. ಬಜ್ಪೆಯ ವಿಮಾನ ತುಂಬಿತ್ತು. ಬೊಂಬಾಯಿಯ ಗುಮಾಸ್ತರು ನಮ್ಮ ತಾರನ್ನು ಕೈಯಲ್ಲಿ ಹಿಡಿದು ಪ್ರಯಾಣಿಕರ ಸಾಲಿನ ಮುಂದೆ ನಿಂತು ಗಟ್ಟಿಯಾಗಿ ಓದಿದರಂತೆ. ಪಡುಬಿದ್ರಿಯ ಕಡೆಯ ಹೋಟೆಲಿನವರೊಬ್ಬರು ತಮ್ಮ ಪೆಟ್ಟಿಗೆ ಎತ್ತಿಕೊಂಡು ಸಾಲಿನಿಂದ ಹೊರಗೆ ಬಂದರು. "ನನ್ನದು ಮದುವೆಯ ಊಟ, ತಪ್ಪಿದರೆ ತೊಂದರೆ ಇಲ್ಲ" ಎಂದರಂತೆ. ಅವರು ಯಾರೆಂದು ನಮಗೆ ಕೊನೆಗೂ ತಿಳಿಯಲಿಲ್ಲ. ಮದುವೆ ಅವರ ಸ್ವಂತ ತಮ್ಮನದು ಎಂದು ವಿಠಲನಿಗೆ ಪಕ್ಕದ ಸೀಟಿನವರಿಂದ ಗೊತ್ತಾಯಿತಂತೆ.

ಮೂರನೆಯ ದಿನ ಬೆಳಿಗ್ಗೆ ಕಾಮತರು ನನ್ನನ್ನು ಬಜ್ಪೆಗೆ ಕಳಿಸಿದರು. ನಾನು ಕಾರ್ಕಳದ ಮೇಲಿನಿಂದ ಬಸ್ಸಿನಲ್ಲಿ ಹೋಗಿ, ಬಜ್ಪೆಯಲ್ಲಿ ಒಂದು ಬಾಡಿಗೆ ಕಾರು ಗೊತ್ತು ಮಾಡಿ ಕಾದೆ. ಮಳೆ ನಿಂತಿತ್ತು, ಮೋಡ ನಿಂತಿರಲಿಲ್ಲ. ಗುಡ್ಡದ ಆಚೆ ಏನೂ ಕಾಣುತ್ತಿರಲಿಲ್ಲ. ವಿಮಾನದ ಹೊತ್ತು ಮೀರಿತು. ಅನಂತರ ಮೇಲೆಲ್ಲೋ ಸದ್ದು ಕೇಳಿಸಿತು. ಎಲ್ಲರೂ ಕತ್ತೆತ್ತಿದೆವು. ಬೂದು ಬಣ್ಣದ ಹಿಂದೆ ಎಂಜಿನುಗಳ ಸದ್ದು ನಮ್ಮ ತಲೆಯ ಮೇಲೆ ಸುತ್ತಿ, ಉತ್ತರಕ್ಕೆ ಸರಿದು, ಸಣ್ಣದಾಗಿ, ಇಲ್ಲವಾಯಿತು.

ವೈರ್‌ಲೆಸ್ಸಿನವರು ಹೊರಗೆ ಬಂದು ಹೇಳಿದರು, "ನೆಲ ಕಾಣುವುದಿಲ್ಲವಂತೆ. ಇನ್ನೊಂದು ಸಲ ನೋಡ್ತಾರೆ. ಆಗದಿದ್ದರೆ ವಾಪಸು ಬೆಳಗಾವಿ."

ನಾನು ನಿಂತಲ್ಲೇ ನಿಂತೆ. ಸಾವಿರದ ಐನೂರು ಮೈಲಿ ದಾಟಿ ಬಂದವನು ನಮ್ಮ ತಲೆಯ ಮೇಲೆಯೇ ಇದ್ದ. ನಡುವೆ ಇದ್ದದ್ದು ಒಂದು ಮೋಡ. ಅದನ್ನು ದಾಟಿಸಲು ನಮ್ಮ ಕಚೇರಿಯ ಯಾವ ತಾರಿಗೂ ಸಾಧ್ಯವಿರಲಿಲ್ಲ. ಪ್ರಾರ್ಥನೆಯ ಮಾತು ಸಹ ನನಗೆ ನೆನಪಾಗಲಿಲ್ಲ.

ಎಷ್ಟು ಹೊತ್ತು ಹೋಯಿತೋ. ಸದ್ದು ಮತ್ತೆ ಬಂತು, ಆದರೆ ಮೇಲಿನಿಂದಲ್ಲ, ಪಡುವಣದಿಂದ, ಸಮುದ್ರದ ದಿಕ್ಕಿನಿಂದ. ಮೋಡದ ಅಡಿಯಲ್ಲಿ ತೆಂಗಿನ ತಲೆಗಳಿಗಿಂತ ತುಸು ಮೇಲೆ ಡಕೋಟ ಕಾಣಿಸಿತು. ಒದ್ದೆಯಾಗಿ ಹೊಳೆಯುತ್ತ, ರೆಕ್ಕೆ ಒಂದಿಷ್ಟು ಓಲಾಡಿಸುತ್ತ, ನೇರ ಗುಡ್ಡದ ಕಡೆಗೆ ಬಂತು. ಚಕ್ರ ನೆಲಕ್ಕೆ ತಾಗಿ ನೀರು ಎರಡೂ ಕಡೆ ಎದ್ದು ಚಿಮ್ಮಿತು. ಕಾರಿನ ಡ್ರೈವರ್ ತಲೆಯ ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದ.

ಇಳಿದವರಲ್ಲಿ ಕೆದರಿದ ಕೂದಲಿನ, ಎಣ್ಣೆಕಲೆಯ ಖಾಕಿ ಅಂಗಿಯ ಯುವಕನೇ ವಿಠಲ. ಅವನ ಹಿಂದೆಯೇ ಕ್ಯಾಪ್ಟನ್ ರುಸ್ತುಂ ಇಳಿದರು. ಏನಾಯಿತೆಂದು ಕೇಳಿದೆ. ಉತ್ತರಕ್ಕೆ ಹೋಗಿ ಮೋಡದಲ್ಲಿ ಒಂದು ಬಿರುಕು ಸಿಕ್ಕಿತು ಎಂದರು. ಅದರಲ್ಲಿ ಕೆಳಗೆ ಇಳಿದರೆ ಒಂದು ಬೋಳು ಗುಡ್ಡ, ಅದರ ಮೇಲೆ ದೊಡ್ಡ ಕಟ್ಟಡಗಳು. ಅದರ ಮೇಲಿಂದ ತೀರಾ ತಗ್ಗಿನಲ್ಲಿ ಹಾದು ಸಮುದ್ರದ ಮೇಲೆ ಹೋಗಿ, ದಡ ಹಿಡಿದು ತೆಂಕಣಕ್ಕೆ ತಿರುಗಿದಾಗ ಬಂಡೆಯ ಮೇಲಿನ ಕಾಪುವಿನ ದೀಪಸ್ತಂಭ ಕಾಣಿಸಿತು.

"ಅದು ಸಿಕ್ಕಿದ ಮೇಲೆ ನಾನೆಲ್ಲಿದ್ದೇನೆ ಎಂದು ಗೊತ್ತಾಯಿತು. ಅಲ್ಲಿಂದ ಇಲ್ಲಿಗೆ ಹತ್ತು ನಿಮಿಷ" ಎಂದರು ಕ್ಯಾಪ್ಟನ್.

ವಿಠಲ ನನ್ನ ತೋಳು ಹಿಡಿದುಕೊಂಡ. "ಆ ಗುಡ್ಡ ಮಣಿಪಾಲ ಅಲ್ವಾ ಪೊರ್ಬುಗಳೇ? ನನಗೆ ಗುರುತು ಸಿಕ್ಕಿತು. ಅಪ್ಪೆ ಅಲ್ಲೇ ಕೆಳಗೆ ಇದ್ದರು. ನಾನು ಮೇಲೆ ಹೋಗ್ತಾ ಇದ್ದೆ, ಇಳಿಯಲಿಕ್ಕೆ ಆಗಲಿಲ್ಲ." ತುಳುವರು ತಾಯಿಯನ್ನು ಅಪ್ಪೆ ಎಂದೂ ಕ್ರಿಸ್ತುವರಾದ ನಮ್ಮನ್ನು ಪೊರ್ಬುಗಳು ಎಂದೂ ಕರೆಯುವುದು. ಆಸ್ಪತ್ರೆ ದಾಟಿ ಹತ್ತು ಹನ್ನೆರಡು ನಿಮಿಷ ದೂರ ಬಂದುಬಿಟ್ಟಿದ್ದ ಅವನು. ಹಿಂದಕ್ಕೆ ಹೋಗುವುದು ನೆಲದ ಮೇಲೆ.

ಕರಾವಳಿಯ ದಾರಿ ಹತ್ತಿರವೆಂದು ಅದನ್ನೇ ಹಿಡಿದೆವು. ಮೂಲ್ಕಿಯ ನದಿಯ ದಡಕ್ಕೆ ಬಂದಾಗ ಕೆಂಪು ನೀರು ತುಂಬಿ ಹರಿಯುತ್ತಿತ್ತು. ಕಾರು ದಾಟಿಸುವ ಜೋಡುದೋಣಿಯನ್ನು ಮರಕ್ಕೆ ಕಟ್ಟಿಹಾಕಿದ್ದರು. ಸುತ್ತು ಹಾಕಿ ಕಾರ್ಕಳದ ಮೇಲೆ ಹೋದರೆ ರಾತ್ರಿಯಾಗುತ್ತಿತ್ತು. ದಡದಲ್ಲಿ ಒಬ್ಬ ಮುದುಕ ದೋಣಿಯವನು ಬೀಡಿ ಸೇದುತ್ತ ಕುಳಿತಿದ್ದ. ನಾನು ವಿಷಯ ಹೇಳಿದೆ. ಅವನು ನೀರನ್ನು ನೋಡಿದ, ವಿಠಲನನ್ನು ನೋಡಿದ.

"ನೀರು ಇಳಿಯುವ ಹೊತ್ತು ಉಂಟು, ಸ್ವಲ್ಪ ಕೂತುಕೊಳ್ಳಿ" ಎಂದ.

"ಕೂತುಕೊಳ್ಳಲಿಕ್ಕೆ ಆಗುವುದಿಲ್ಲ ಮಾರಾಯ್ರೆ" ಎಂದ ವಿಠಲ.

"ನಿಮಗೆ ಆಗುವುದಿಲ್ಲ. ನದಿಗೆ ಆಗಬೇಕಲ್ಲ."

ಕುಳಿತೆವು. ಆಚೆ ದಡದಲ್ಲಿ ಒಂದು ಹೆಂಗಸು ಬಟ್ಟೆ ಹಿಂಡುವುದು ಕಾಣುತ್ತಿತ್ತು, ಕೂಗಿದರೆ ಕೇಳುವಷ್ಟು ಹತ್ತಿರ. ವಿಠಲ ಅವಳನ್ನೇ ನೋಡುತ್ತಿದ್ದ. ಬ್ರಹ್ಮಪುತ್ರವನ್ನು ವಿಮಾನದಿಂದ ನೋಡಿದ್ದನ್ನು ಹೇಳಿದ. ಸಮುದ್ರದ ಹಾಗೆ ಕಂಡಿತಂತೆ, ಒಂದು ಎಲೆ ಅಡಿಕೆ ಮುಗಿಯುವಷ್ಟರಲ್ಲಿ ಹಿಂದೆ ಹೋಯಿತಂತೆ. ಹೇಳುತ್ತ ಹೇಳುತ್ತ ನೀರಿನ ಅಂಚಿಗೆ ಹೋಗಿ ನಿಂತ. ಮುದುಕ ಬೀಡಿ ಎಸೆದು ಎದ್ದ. ನಮ್ಮನ್ನು ದೋಣಿಯ ತಳದಲ್ಲಿ ಕುಳ್ಳಿರಿಸಿ, ದಡದ ಬದಿಯಲ್ಲೇ ಬಹಳ ದೂರ ಮೇಲಕ್ಕೆ ಗಳ ಹಾಕಿ, ಅಲ್ಲಿಂದ ನದಿಗೆ ಬಿಟ್ಟ. ನೀರು ನಮ್ಮನ್ನು ಎತ್ತಿಕೊಂಡು ಹೋಯಿತು. ನಾನು ಕಣ್ಣು ಮುಚ್ಚಿದ್ದೆ. ಕಣ್ಣು ತೆರೆದಾಗ ದೋಣಿ ಆಚೆ ದಡದ ಕಟ್ಟೆಗೇ ಬಂದು ತಾಗಿತ್ತು. ಗಾಳಿಯನ್ನು ಗೆರೆಯಲ್ಲಿ ಬರೆದ ಕ್ಯಾಪ್ಟನನ್ನು ನೋಡಿ ಬೆರಗಾಗಿದ್ದ ನಾನು ಆ ದಿನ ಈ ಮುದುಕನನ್ನೂ ಅಷ್ಟೇ ಬೆರಗಿನಿಂದ ನೋಡಿದೆ.

ಅಲ್ಲಿಂದ ಬಸ್ಸು. ಪಡುಬಿದ್ರಿ ಕಳೆದು ಕಾಪು ಬಂದಾಗ ತೆಂಗಿನ ಮರಗಳ ಸಂದಿನಲ್ಲಿ ದೀಪಸ್ತಂಭ ಕಾಣಿಸಿತು. ವಿಠಲ ಎದ್ದು ನಿಂತು, ಬಸ್ಸಿನ ಕಂಬಿ ಹಿಡಿದು, ಅದು ಮರೆಯಾಗುವವರೆಗೆ ನೋಡಿದ. ಉದ್ಯಾವರದ ನದಿಯನ್ನೂ ದಾಟಿ ಮಣಿಪಾಲದ ಗುಡ್ಡ ಏರುವಾಗ ದೀಪ ಹಚ್ಚುವ ಹೊತ್ತು.

ಲೀಲಾ ಆಸ್ಪತ್ರೆಯ ಜಗಲಿಯಲ್ಲಿ ನಿಂತಿದ್ದಳು. ಅಣ್ಣನನ್ನು ಕಂಡು ಓಡಿ ಬರಲಿಲ್ಲ. ಗೋಡೆಗೆ ಒರಗಿಕೊಂಡಳು. ವಿಠಲನೂ ನಾನೂ ಅಲ್ಲೇ ನಿಂತೆವು. ತಡವಾಯಿತು ಎಂದೇ ನಾನು ತಿಳಿದೆ.

"ಆಪರೇಶನ್ ಆಯ್ತು ಅಣ್ಣ" ಎಂದಳು ಅವಳು. "ಮಧ್ಯಾಹ್ನವೇ ಆಯ್ತು. ಅಪ್ಪೆ ಮಲಗಿದ್ದಾರೆ. ತೊಂದರೆ ಇಲ್ಲ ಅಂದಿದ್ದಾರೆ."

"ಒಪ್ಪಿದ್ದು ಯಾರು?"

"ಅಪ್ಪೆಯೇ. ಇವತ್ತಿನ ವಿಮಾನದಲ್ಲಿ ನೀನು ಬರ್ತೀ ಅಂತ ಹೇಳಿದ್ದೆ. ಬೆಳಿಗ್ಗೆಯಿಂದ ಕಿವಿ ಕೊಟ್ಟು ಮಲಗಿದ್ದರು. ಮಧ್ಯಾಹ್ನ ಒಂದು ವಿಮಾನ ಈ ಆಸ್ಪತ್ರೆಯ ಮಾಡಿನ ಮೇಲೆಯೇ ಹೋಯ್ತು ನೋಡು, ಕಿಟಕಿಯ ಗಾಜು ಎಲ್ಲ ನಡುಗಿತು. ವಾರ್ಡಿನವರು ಹೆದರಿ ಕೂಗಿದರು. ಅಪ್ಪೆ ಮಾತ್ರ ಎದ್ದು ಕೂತರು. ಮಗ ಬಂದ, ಡಾಕ್ಟರರನ್ನು ಕರೆ ಅಂದರು. ಅವನು ಬಾಗಿಲಿಗೆ ಬರಲಿ ಅಂದೆ. ಬಂದಾಯ್ತಲ್ಲ, ಇನ್ನು ಯಾಕೆ ಕಾಯುವುದು ಅಂದರು."

ವಿಠಲ ಜಗಲಿಯ ಮೆಟ್ಟಿಲಿನ ಮೇಲೆ ಕುಳಿತುಬಿಟ್ಟ. ಡಾಕ್ಟರರು ಕೈ ಒರೆಸುತ್ತ ಹೊರಗೆ ಬಂದರು. ಮದ್ರಾಸಿನ ಕಡೆಯವರು, ನಿಧಾನವಾಗಿ ಕನ್ನಡ ಕೂಡಿಸಿ ಮಾತನಾಡುವವರು. "ಸಂಜೆಯವರೆಗೆ ಕಾದಿದ್ದರೆ ಮೊಣಕಾಲು ಉಳಿಯುತ್ತಿರಲಿಲ್ಲ" ಎಂದರು. ವಿಠಲನ ಹೆಗಲ ಮೇಲೆ ಕೈಯಿಟ್ಟು ಒಳಗೆ ಹೋದರು.

ಮರುದಿನ ನಾನು ಕಾಮತರ ಜೊತೆ ಮತ್ತೆ ಹೋದೆ. ಅಪ್ಪಿಯಕ್ಕ ದಿಂಬಿಗೆ ಒರಗಿದ್ದರು. ಸಣಕಲು ದೇಹ, ದೊಡ್ಡ ಕಣ್ಣು. ಮಗ ಹಾಸಿಗೆಯ ಪಕ್ಕದಲ್ಲಿ ನೆಲದ ಮೇಲೆಯೇ ನಿದ್ದೆ ಹೋಗಿದ್ದ, ಅವನ ತಲೆಯ ಮೇಲೆ ತಾಯಿಯ ಕೈ ಇತ್ತು. ಟಿಕೆಟಿನವರು ಎಂದು ಲೀಲಾ ನಮ್ಮನ್ನು ಪರಿಚಯ ಮಾಡಿಸಿದಳು. ಅಪ್ಪಿಯಕ್ಕ ನಮ್ಮಿಬ್ಬರನ್ನೂ ಚೆನ್ನಾಗಿ ನೋಡಿದರು. ಉಪಕಾರ ಸ್ಮರಿಸುತ್ತಾರೆ ಎಂದುಕೊಂಡು ಕಾಮತರು ಆಗಲೇ ಕೈ ಅಡ್ಡ ಹಿಡಿದಿದ್ದರು.

"ಇಷ್ಟು ಹತ್ತಿರ ತಂದವರು ಇಲ್ಲೇ ಇಳಿಸಬಾರದಿತ್ತಾ?" ಎಂದರು ಅಪ್ಪಿಯಕ್ಕ, ಮಗನಿಗೆ ಎಚ್ಚರವಾಗದಂತೆ ಮೆಲುದನಿಯಲ್ಲಿ. "ಗುಡ್ಡದ ಮೇಲೆ ನೆಲ ಸಮ ಉಂಟಲ್ಲ. ಪಾಪ, ಮಗು ಎಷ್ಟು ಬಳಲಿದ್ದಾನೆ ನೋಡಿ."